ಯಾವುದು ಎಚ್ಚರವಾಗಿದೆ, ಯಾವುದು ಮಲಗಿದೆ?



ಬಚ್ಚಲುಮನೆಯ ಹೊರಗೆ ಗೀಸರಿನ ಸ್ವಿಚ್ಚು ಇರುತ್ತದಲ್ಲ, ಅದರ ಪಕ್ಕದಲ್ಲಿರುವ ಪುಟ್ಟ ಕೆಂಪು ದೀಪವನ್ನು ನೀವು ನೋಡಿಯೇ ಇರುತ್ತೀರಿ. ನೀರು ಕಾಯಿಸುವ ಕೆಲಸದಲ್ಲಿ ಆ ದೀಪದ ಪಾಲು ಏನೂ ಇಲ್ಲ. ಅದನ್ನು ಕಿತ್ತುಹಾಕಿದರೂ ನೀರು ಅಷ್ಟೇ ಬಿಸಿಯಾಗುತ್ತದೆ. ಆದರೂ ಮನೆಗೆ ಬೀಗ ಹಾಕಿ ಊರಿಗೆ ಹೊರಡುವಾಗ ಮನೆಯವರು ಒಮ್ಮೆ ಅತ್ತ ಕಣ್ಣು ಹಾಯಿಸುತ್ತಾರೆ. ಒಳಗೆ, ನಮ್ಮ ಕಣ್ಣಿಗೆ ಬೀಳದ ಕಡೆ, ಏನಾದರೂ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಆ ದೀಪ ಒಂದೇ ನೋಟದಲ್ಲಿ ಉತ್ತರ ಕೊಡುತ್ತದೆ.

ಗಣಕಯಂತ್ರದಲ್ಲಿಯೂ ಇಂಥ ಪುಟ್ಟ ದೀಪಗಳಿವೆ. ತೆರೆಯ ಅಂಚಿನಲ್ಲಿ ಸಾಲಾಗಿ ನಿಂತಿರುವ ಐಕಾನುಗಳನ್ನು ಗಮನಿಸಿ. ಕೆಲವದರ ಕೆಳಗೆ ಒಂದು ಚುಕ್ಕಿಯೋ ಗೆರೆಯೋ ಇರುತ್ತದೆ, ಕೆಲವದರ ಕೆಳಗೆ ಇರುವುದಿಲ್ಲ. ಇಷ್ಟು ಸಣ್ಣ ಚುಕ್ಕಿಯ ಬಗ್ಗೆ ಮಾತನಾಡಲು ಏನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಚುಕ್ಕಿ ಎಲ್ಲಿರಬೇಕು, ಯಾವ ಆಕಾರದಲ್ಲಿರಬೇಕು, ಇರಬೇಕೋ ಬೇಡವೋ ಎಂಬುದರ ಬಗ್ಗೆ ಜಗತ್ತಿನ ದೊಡ್ಡ ದೊಡ್ಡ ತಂತ್ರಾಂಶ ಸಂಸ್ಥೆಗಳು ಮೂವತ್ತು ವರ್ಷಗಳಿಗೂ ಮೀರಿ ಮನಸ್ಸು ಬದಲಾಯಿಸುತ್ತಲೇ ಬಂದಿವೆ. ಏಕೆ ಎಂಬುದನ್ನು ಈಗ ನೋಡೋಣ. ಕಿರುತೆರೆಯಲ್ಲಾದರೆ ಚಿತ್ರ ತೋರಿಸಿ ಹೇಳಬಹುದಿತ್ತು. ಇಲ್ಲಿ ಅಕ್ಷರವೇ ಗತಿ. ಆದ್ದರಿಂದ ಒಂದು ಹಾಳೆ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಂಡು ಓದಿ.

ಒಂದು ಸಾಧಾರಣ ತೊಂದರೆ

ಶಾಲೆಯ ಅಥವಾ ಕಾಲೇಜಿನ ಗಣಕಯಂತ್ರದ ಕೊಠಡಿಯಲ್ಲಿ ನೀವು ಕುಳಿತಿದ್ದೀರಿ ಎನ್ನೋಣ. ಯಂತ್ರ ಸ್ವಲ್ಪ ಹಳೆಯದು. ಪ್ರಬಂಧ ಬರೆಯಲೆಂದು ಒಂದು ಐಕಾನನ್ನು ಒತ್ತಿದಿರಿ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಿರಿ. ಆಗಲೂ ಏನೂ ಇಲ್ಲ. ಸಿಟ್ಟಿನಿಂದ ಮತ್ತೆರಡು ಸಲ ಒತ್ತಿದಿರಿ. ಒಂದು ನಿಮಿಷದ ಮೇಲೆ ಒಂದೇ ಪ್ರೋಗ್ರಾಮು ನಾಲ್ಕು ಬಾರಿ ತೆರೆದುಕೊಂಡಿತು, ಯಂತ್ರ ಏದುಸಿರು ಬಿಡತೊಡಗಿತು, ಕೊನೆಗೆ ನಿಂತೇ ಹೋಯಿತು. ನಿಮಗಿಂತ ಮೊದಲು ಕುಳಿತಿದ್ದವರು ಉಳಿಸದೆ ಬಿಟ್ಟುಹೋಗಿದ್ದ ಬರಹವೂ ಅದರೊಡನೆ ಹೋಯಿತು.

ಇಲ್ಲಿ ತಪ್ಪು ಯಾರದು? ನಿಮ್ಮದಲ್ಲ. ನೀವು ಮೊದಲ ಸಲ ಒತ್ತಿದಾಗಲೇ ಯಂತ್ರ ಕೆಲಸ ಶುರುಮಾಡಿತ್ತು, ಆದರೆ ಅದನ್ನು ನಿಮಗೆ ಹೇಳಲಿಲ್ಲ. ಹಿಂದಿನವರ ಬರಹ ಇನ್ನೂ ತೆರೆದೇ ಇದೆ ಎಂಬುದನ್ನೂ ಅದು ಹೇಳಲಿಲ್ಲ. ವಿನ್ಯಾಸಶಾಸ್ತ್ರದಲ್ಲಿ ಹೆಸರಾದ ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ ಸಂಗತಿಗಳಲ್ಲಿ ಇದೂ ಒಂದು: ನಾವು ಮಾಡಿದ ಕೆಲಸಕ್ಕೆ ಏನು ಫಲವಾಯಿತು ಎಂಬುದನ್ನು ವಸ್ತುವೇ ನಮಗೆ ತಿಳಿಸಬೇಕು. ತಿಳಿಸದಿದ್ದರೆ ಬಳಸುವವರು ತಪ್ಪು ಮಾಡುತ್ತಾರೆ, ಮತ್ತು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಎರಡು ಕೆಲಸ, ಒಂದು ಪಟ್ಟಿ

ತೆರೆಯ ಅಂಚಿನ ಐಕಾನುಗಳ ಪಟ್ಟಿಯನ್ನು ಲಾಂಚರ್ ಎನ್ನುತ್ತಾರೆ. ಪ್ರೋಗ್ರಾಮನ್ನು ಎಬ್ಬಿಸುವ ಜಾಗ ಎಂದು ಅರ್ಥ. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95ರಲ್ಲಿ ಈ ಕೆಲಸಕ್ಕೆ ಸ್ಟಾರ್ಟ್ ಗುಂಡಿ ಇತ್ತು. ಆಗಲೇ ತೆರೆದಿದ್ದ ಕಿಟಕಿಗಳು ಅದರ ಪಕ್ಕದ ಪಟ್ಟಿಯಲ್ಲಿ ಹೆಸರು ಹೊತ್ತ ಗುಂಡಿಗಳಾಗಿ ಕಾಣುತ್ತಿದ್ದವು. ಮಲಗಿದವರು ಒಂದು ಕೋಣೆಯಲ್ಲಿ, ಎದ್ದವರು ಇನ್ನೊಂದು ಕೋಣೆಯಲ್ಲಿ. ಪಟ್ಟಿಯಲ್ಲಿ ಇದ್ದರೆ ಎದ್ದಿದೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಬೇರೆ ಗುರುತಿನ ಅಗತ್ಯವೇ ಬೀಳಲಿಲ್ಲ.

ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಒಂದು ದೊಡ್ಡ ಅನುಕೂಲವಿದೆ. ಪತ್ರ ಬರೆಯುವ ಪ್ರೋಗ್ರಾಮು ಬೇಕಾದಾಗ ಅದು ಎದ್ದಿದೆಯೋ ಮಲಗಿದೆಯೋ ಎಂದು ಮೊದಲು ಯೋಚಿಸಿ, ಆಮೇಲೆ ಎಲ್ಲಿ ಹುಡುಕಬೇಕೆಂದು ತೀರ್ಮಾನಿಸುವ ಕಷ್ಟವಿಲ್ಲ. ಐಕಾನು ಯಾವಾಗಲೂ ಒಂದೇ ಜಾಗದಲ್ಲಿರುತ್ತದೆ. ಕತ್ತಲೆಯಲ್ಲೂ ಕೈ ತಾನಾಗಿ ಸ್ವಿಚ್ಚಿಗೆ ಹೋಗುವ ಹಾಗೆ ಮೌಸ್ ಹಿಡಿದ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7 ಈ ದಾರಿ ಹಿಡಿಯಿತು. ಆದರೆ ಅನುಕೂಲದ ಜೊತೆಗೆ ಪ್ರಶ್ನೆಯೂ ಬಂತು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತಾಗ ಎದ್ದವರು ಯಾರು, ಮಲಗಿದವರು ಯಾರು? ಇಲ್ಲಿಂದಲೇ ಗುರುತಿನ ಕಥೆ ಶುರುವಾಗುತ್ತದೆ.

ಯಾರಿಗೆ ಗುರುತು ಹಾಕಬೇಕು?

ಈ ಪ್ರಶ್ನೆ ವಿಂಡೋಸ್ 7ಕ್ಕಿಂತ ಇಪ್ಪತ್ತು ವರ್ಷ ಮೊದಲೇ ಬೇರೊಂದು ಕಡೆ ಎದ್ದಿತ್ತು. ಸ್ಟೀವ್ ಜಾಬ್ಸ್ ಆಪಲ್ ಸಂಸ್ಥೆಯನ್ನು ಬಿಟ್ಟು 1985ರಲ್ಲಿ ನೆಕ್ಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ನೆಕ್ಸ್ಟ್‌ಸ್ಟೆಪ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಆವೃತ್ತಿ 1989ರಲ್ಲಿ ಹೊರಬಂತು. ತೆರೆಯ ಬಲ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ, ಚೌಕ ಚೌಕವಾದ ಐಕಾನುಗಳ ಸಾಲು. ಅದಕ್ಕೆ ಡಾಕ್ ಎಂದು ಹೆಸರು. ಮೊದಲ ನೆಕ್ಸ್ಟ್ ಯಂತ್ರದ ತೆರೆಯಲ್ಲಿ ಬಣ್ಣವೇ ಇರಲಿಲ್ಲ. ಕಪ್ಪು, ಬಿಳುಪು, ನಡುವೆ ಎರಡು ಬೂದು ಛಾಯೆಗಳು, ಅಷ್ಟೇ. ಈ ನಾಲ್ಕರಲ್ಲಿಯೇ ಎಲ್ಲವನ್ನೂ ಹೇಳಬೇಕಿತ್ತು.

ಅವರು ಮಾಡಿದ್ದು ಹೀಗೆ. ಪ್ರೋಗ್ರಾಮು ಇನ್ನೂ ಎದ್ದಿಲ್ಲವಾದರೆ ಅದರ ಐಕಾನಿನ ಕೆಳಗಿನ ಎಡ ಮೂಲೆಯಲ್ಲಿ ಮೂರು ಚುಕ್ಕಿ. ಎದ್ದ ಮೇಲೆ ಚುಕ್ಕಿಗಳು ಮಾಯ. ನಾವು ಬರೆಯುವಾಗ ಮಾತು ಮುಗಿದಿಲ್ಲ ಎನ್ನಲು ಮೂರು ಚುಕ್ಕಿ ಇಡುತ್ತೇವಲ್ಲ, ಹಾಗೆಯೇ ಇದನ್ನೂ 'ಇನ್ನೂ ಬರಬೇಕು' ಎಂದು ಓದಿಕೊಳ್ಳಬಹುದು. ಗಮನಿಸಿ, ಇಲ್ಲಿ ಗುರುತು ಇದ್ದದ್ದು ಮಲಗಿದವರ ಮೇಲೆ, ಎದ್ದವರ ಮೇಲಲ್ಲ.

ಮುಂದೆ ಆಪಲ್ ಸಂಸ್ಥೆಯೇ ನೆಕ್ಸ್ಟ್ ಅನ್ನು ಕೊಂಡುಕೊಂಡಿತು. ಆ ಡಾಕ್ 2001ರ ಮಾರ್ಚ್‌ನಲ್ಲಿ ಮ್ಯಾಕ್ ಓಎಸ್ ಟೆನ್ ಎಂಬ ಹೊಸ ವ್ಯವಸ್ಥೆಯಲ್ಲಿ ಬಣ್ಣ ತುಂಬಿಕೊಂಡು ತೆರೆಯ ಕೆಳಗಿನ ಅಂಚಿಗೆ ಬಂತು. ಆದರೆ ಗುರುತು ತಿರುವುಮುರುವಾಗಿತ್ತು. ಈಗ ಎದ್ದ ಪ್ರೋಗ್ರಾಮಿನ ಕೆಳಗೆ ಒಂದು ಕಪ್ಪು ತ್ರಿಕೋನ, ಮಲಗಿದ್ದಕ್ಕೆ ಏನೂ ಇಲ್ಲ.

ಇವೆರಡರಲ್ಲಿ ಯಾವುದು ಸರಿ? ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೆನೆಯಿರಿ. ನಲವತ್ತು ಮಂದಿಯಲ್ಲಿ ಮೂವರು ಬಂದಿಲ್ಲ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಕೇಳುವುದು 'ಯಾರು ಬಂದಿಲ್ಲ?' ಎಂದೇ ಹೊರತು 'ಯಾರು ಯಾರು ಬಂದಿದ್ದೀರಿ?' ಎಂದಲ್ಲ. ಕಡಿಮೆ ಇರುವವರನ್ನು ಹೆಸರಿಸಿದರೆ ಉತ್ತರ ಬೇಗ ಮುಗಿಯುತ್ತದೆ. ಅದೇ ರಜೆಯ ದಿನ ಗ್ರಂಥಾಲಯಕ್ಕೆ ಮೂವರು ಮಾತ್ರ ಬಂದಿದ್ದರೆ, ಬಂದವರ ಹೆಸರನ್ನೇ ಬರೆಯುತ್ತೇವೆ. ಡಾಕಿನಲ್ಲಿ ಇಪ್ಪತ್ತು ಐಕಾನುಗಳಿದ್ದು ನಾಲ್ಕು ಮಾತ್ರ ಎದ್ದಿದ್ದರೆ ಎದ್ದವಕ್ಕೆ ಗುರುತು ಹಾಕುವುದು ಮೇಲು. ಇಲ್ಲವಾದರೆ ಹದಿನಾರು ಕಡೆ ಚುಕ್ಕಿಗಳು ತುಂಬಿ, ನಮಗೆ ಬೇಕಾದ ನಾಲ್ಕನ್ನು ಅವುಗಳ ನಡುವೆ ಹುಡುಕಬೇಕಾಗುತ್ತದೆ. ಮೊದಲ ಪಾಠ ಇದು: ಯಾವುದು ಕಡಿಮೆಯೋ, ಯಾವುದನ್ನು ಹುಡುಕುತ್ತೇವೆಯೋ ಅದಕ್ಕೆ ಗುರುತು ಹಾಕಬೇಕು.

ಕಿಟಕಿ ಮುಚ್ಚಿದರೆ ಪ್ರೋಗ್ರಾಮು ನಿಂತಿತೇ?

ಎದ್ದಿದೆಯೋ ಇಲ್ಲವೋ ಎಂಬುದು ತೆರೆಯ ಮೇಲಿನ ಕಿಟಕಿಯನ್ನು ನೋಡಿದರೇ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಯಾವಾಗಲೂ ಗೊತ್ತಾಗುವುದಿಲ್ಲ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಕೊನೆಯ ಕಿಟಕಿ ಮುಚ್ಚಿದಾಗ ಪ್ರೋಗ್ರಾಮೂ ಮುಗಿಯುತ್ತದೆ. ಮ್ಯಾಕಿನಲ್ಲಿ ಹಾಗಲ್ಲ. ಅಲ್ಲಿ ಬಹುಪಾಲು ಪ್ರೋಗ್ರಾಮುಗಳು ಕಿಟಕಿಗಳೆಲ್ಲ ಮುಚ್ಚಿದ ಮೇಲೂ ಒಳಗೆ ಎಚ್ಚರವಾಗಿಯೇ ಇರುತ್ತವೆ. ಅಂಗಡಿಯ ಬಾಗಿಲು ಎಳೆದುಕೊಂಡು ಮಾಲೀಕರು ಒಳಗೆ ಲೆಕ್ಕ ಬರೆಯುತ್ತಾ ಕುಳಿತ ಹಾಗೆ. ತೆರೆಯ ಮೇಲೆ ಏನೂ ಇಲ್ಲ, ಆದರೂ ಪ್ರೋಗ್ರಾಮು ನಡೆದಿದೆ. ಇದನ್ನು ಹೇಳಲು ಡಾಕಿನ ಆ ತ್ರಿಕೋನವೇ ಬೇಕಾಗಿತ್ತು.

ಅಂದಿನ ದಿನಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ನೆಕ್ಸ್ಟ್ ಯಂತ್ರ ಆರಂಭದಲ್ಲಿ 8 ಮೆಗಾಬೈಟ್ ಸ್ಮರಣೆಯೊಡನೆ ಬರುತ್ತಿತ್ತು. ಇಂದಿನ ಯಂತ್ರದಲ್ಲಿ 8 ಗಿಗಾಬೈಟ್ ಇದ್ದರೆ, ಅದು ಸುಮಾರು ಸಾವಿರ ಪಟ್ಟು ಹೆಚ್ಚು. ಸ್ಮರಣೆ ಅಷ್ಟು ಕಡಿಮೆ ಇದ್ದಾಗ ಮರೆತುಬಿಟ್ಟ ಒಂದು ಪ್ರೋಗ್ರಾಮು ಉಳಿದವುಗಳ ಜಾಗವನ್ನು ಕಬಳಿಸುತ್ತದೆ. ಹಳೆಯ ಯಂತ್ರಗಳೇ ಇರುವ ಶಾಲೆಗಳಲ್ಲಿ ಈ ಮಾತು ಇಂದಿಗೂ ನಿಜ.

ಒಂದು ಗುರುತು ಎಷ್ಟು ಹೇಳಬಲ್ಲದು?

ಈಗ ಹಾಳೆ ತೆಗೆದುಕೊಳ್ಳಿ. ಒಂದು ಪ್ರೋಗ್ರಾಮು ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಎಂಬುದನ್ನು ಒಂದರ ಕೆಳಗೊಂದು ಬರೆಯಿರಿ. ಮಲಗಿದೆ. ಏಳುತ್ತಿದೆ. ಎದ್ದಿದೆ, ಆದರೆ ಹಿಂದೆ ಇದೆ. ಎದ್ದು ಮುಂದೆಯೇ ಇದೆ, ಅಂದರೆ ನೀವು ಈಗ ಬರೆಯುತ್ತಿರುವುದು ಅದರಲ್ಲಿಯೇ. ನಿಮ್ಮನ್ನು ಕರೆಯುತ್ತಿದೆ, ಅಂದರೆ ನಿಮ್ಮಿಂದ ಏನೋ ಉತ್ತರ ಬೇಕು. ಐದು ಸ್ಥಿತಿಗಳಾದವು. ಇದಲ್ಲದೆ ಅದರ ಕಿಟಕಿಗಳು ಎಷ್ಟು ತೆರೆದಿವೆ ಎಂಬ ಲೆಕ್ಕವೂ ಬೇರೆ. ಇಷ್ಟನ್ನೂ ಒಂದು ಚುಕ್ಕಿ ಹೇಳಬಲ್ಲದೇ?

ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಟ್ಟರು. ವಿಂಡೋಸ್ 7 ಎದ್ದ ಐಕಾನಿನ ಸುತ್ತ ಗಾಜಿನಂಥ ಚೌಕಟ್ಟನ್ನು ಹಾಕಿತು. ಒಂದಕ್ಕಿಂತ ಹೆಚ್ಚು ಕಿಟಕಿಗಳಿದ್ದರೆ ಚೌಕಟ್ಟುಗಳು ಇಸ್ಪೀಟಿನ ಎಲೆಗಳ ಹಾಗೆ ಒಂದರ ಹಿಂದೊಂದು ಇಣುಕುತ್ತಿದ್ದವು. 2011ರ ಏಪ್ರಿಲ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಮೇಜುಗಣಕದ ಆವೃತ್ತಿಗೆ ಯೂನಿಟಿ ಎಂಬ ಹೊಸ ಮುಖ ಬಂತು. ಅದರ ಲಾಂಚರ್ ಎಡ ಅಂಚಿನಲ್ಲಿತ್ತು. ಐಕಾನಿನ ಎಡಕ್ಕೆ ಪುಟ್ಟ ತ್ರಿಕೋನವಿದ್ದರೆ ಪ್ರೋಗ್ರಾಮು ಎದ್ದಿದೆ ಎಂದು ಅರ್ಥ. ಎರಡು ಕಿಟಕಿಗಳಿದ್ದರೆ ಎರಡು ತ್ರಿಕೋನ, ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು. ಬಲಕ್ಕೆ ಒಂದು ತ್ರಿಕೋನವಿದ್ದರೆ ಈಗ ಮುಂದಿರುವುದು ಅದೇ ಎಂದು ಅರ್ಥ.

ಯೂನಿಟಿಯ ಜಾಣತನ ಎಲ್ಲಿದೆ ನೋಡಿ. 'ಎಷ್ಟು?' ಎಂಬ ಪ್ರಶ್ನೆಗೆ ಒಂದು ಪಕ್ಕ, 'ಯಾವುದು ಮುಂದಿದೆ?' ಎಂಬ ಪ್ರಶ್ನೆಗೆ ಇನ್ನೊಂದು ಪಕ್ಕ. ಎರಡು ಉತ್ತರಗಳು ಒಂದರ ಮೇಲೊಂದು ಬೀಳುವುದಿಲ್ಲ. ಎಣಿಕೆಯನ್ನೂ ಮೂರಕ್ಕೇ ನಿಲ್ಲಿಸಿದರು. ಒಂದು, ಎರಡು, ಮೂರನ್ನು ನಾವು ಎಣಿಸದೆಯೇ ನೋಟದಲ್ಲೇ ತಿಳಿಯುತ್ತೇವೆ. ಏಳು ಎಂಟಾದರೆ ಬೆರಳಿಟ್ಟು ಎಣಿಸಬೇಕು. ನೋಟದಲ್ಲಿ ತಿಳಿಯದ ಗುರುತನ್ನು ಪಟ್ಟಿಯಲ್ಲಿ ಇಟ್ಟು ಲಾಭವೇನು? ಎರಡನೆಯ ಪಾಠ ಇದು: ಒಂದು ಪ್ರಶ್ನೆಗೆ ಒಂದು ಗುರುತು, ಅದೂ ಎಣಿಸದೆ ತಿಳಿಯುವಂಥದ್ದು. ಉಬುಂಟು 2017ರ ಅಕ್ಟೋಬರಿನಲ್ಲಿ ಯೂನಿಟಿಯನ್ನು ಕೈಬಿಟ್ಟಿತು. ಅದರ ನಂತರ ಬಂದ ಡಾಕಿನಲ್ಲಿ ತ್ರಿಕೋನದ ಬದಲು ಚುಕ್ಕಿಗಳಿವೆ.

ಡಾಲ್ಟನ್ನರ ಕಣ್ಣು

ಕೆಲವರು ಹೇಳಬಹುದು, ಇಷ್ಟೆಲ್ಲ ಕಷ್ಟವೇಕೆ, ಎದ್ದದ್ದಕ್ಕೆ ಹಸಿರು ಚುಕ್ಕಿ, ಕರೆಯುತ್ತಿರುವುದಕ್ಕೆ ಕೆಂಪು ಚುಕ್ಕಿ ಹಾಕಿದರೆ ಮುಗಿಯಿತಲ್ಲ ಎಂದು. ಇಲ್ಲಿ ಒಬ್ಬ ವಿಜ್ಞಾನಿಯನ್ನು ನೆನೆಯಬೇಕು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ನಿಮಗೆ ರಸಾಯನಶಾಸ್ತ್ರದ ಪಾಠದಲ್ಲಿ ಪರಿಚಿತರು. ತಮಗೆ ಬಣ್ಣಗಳು ಇತರರಿಗೆ ಕಾಣುವಂತೆ ಕಾಣುವುದಿಲ್ಲ ಎಂಬುದನ್ನು ಕಂಡುಕೊಂಡು ಅವರು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯೊಂದರಲ್ಲಿ ಪ್ರಬಂಧ ಓದಿದರು. ತಮ್ಮ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂದು ಅವರ ಊಹೆ. ತಾವು ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಬೇಕೆಂದು ಹೇಳಿಟ್ಟಿದ್ದರು. 1844ರಲ್ಲಿ ಅವರು ತೀರಿಕೊಂಡಾಗ ಪರೀಕ್ಷಿಸಿದರೆ ದ್ರವ ತಿಳಿಯಾಗಿಯೇ ಇತ್ತು. ಜೋಪಾನವಾಗಿ ಇಟ್ಟಿದ್ದ ಆ ಕಣ್ಣಿನ ಅಂಶದ ಮೇಲೆ ವಂಶವಾಹಿಯ ಪರೀಕ್ಷೆ ನಡೆದದ್ದು 1995ರಲ್ಲಿ. ಹಸಿರಿನ ಭಾಗದ ಬೆಳಕನ್ನು ಗ್ರಹಿಸುವ ವರ್ಣಕ ಅವರಿಗೆ ಇರಲಿಲ್ಲ ಎಂದು ಆಗ ತಿಳಿಯಿತು.

ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲು ಕಷ್ಟಪಡುವವರು ಅಪರೂಪವಲ್ಲ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿ ಇಂಥವರು. ಬೇರೆ ಜನಾಂಗಗಳಲ್ಲಿ ಪ್ರಮಾಣ ಬದಲಾಗುತ್ತದೆ, ಹೆಂಗಸರಲ್ಲಿ ಎಲ್ಲೆಡೆಯೂ ಬಹಳ ಕಡಿಮೆ. ನಿಮ್ಮ ತರಗತಿಯಲ್ಲಿಯೂ ಒಬ್ಬರು ಇರಬಹುದು, ಬಾಯಿಬಿಟ್ಟು ಹೇಳಿಕೊಂಡಿರಲಾರರು. ಅವರ ಕಣ್ಣಿಗೆ ನಿಮ್ಮ ಹಸಿರು ಚುಕ್ಕಿಯೂ ಕೆಂಪು ಚುಕ್ಕಿಯೂ ಒಂದೇ ತೆರನಾಗಿ ಕಾಣಬಹುದು. ಹಾಗಾದರೆ ಯಂತ್ರ ಮಾತನಾಡಿದರೂ ಅವರಿಗೆ ಕೇಳಿಸದ ಹಾಗಾಯಿತು.

ಆದುದರಿಂದ ಮೂರನೆಯ ಪಾಠ: ಆಕಾರ ಮೊದಲು, ಬಣ್ಣ ಆಮೇಲೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ ಎದ್ದಿರುವ ಪ್ರೋಗ್ರಾಮಿನ ಕೆಳಗೆ ಗಿಡ್ಡನೆಯ ಬೂದು ಗೆರೆ, ಮುಂದಿರುವುದರ ಕೆಳಗೆ ಉದ್ದನೆಯ ಬಣ್ಣದ ಗೆರೆ. ಬಣ್ಣ ಕಾಣದಿದ್ದರೂ ಉದ್ದ ಕಾಣುತ್ತದೆ. ಅಂತರಜಾಲ ಪುಟಗಳ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು ತನ್ನ 2008ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ: ಯಾವ ಮಾಹಿತಿಯನ್ನೂ ಬಣ್ಣವೊಂದರಿಂದಲೇ ತಿಳಿಸಬಾರದು. 2018ರ ಆವೃತ್ತಿಯಲ್ಲಿ ಇನ್ನೊಂದು ಮಾತು ಸೇರಿತು. ಅರ್ಥ ಹೊತ್ತ ಚಿಹ್ನೆಗೂ ಅದರ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 3ಕ್ಕೆ 1 ಇರಬೇಕು. ಅಚ್ಚ ಕಪ್ಪು ಮತ್ತು ಅಚ್ಚ ಬಿಳುಪಿನ ನಡುವೆ ಇದೇ ಅನುಪಾತ 21ಕ್ಕೆ 1. ಈ ನಿಯಮಗಳು ಅಂತರಜಾಲಕ್ಕೆಂದು ಬರೆದವಾದರೂ ಲಾಂಚರಿಗೂ ಚೆನ್ನಾಗಿಯೇ ಒಪ್ಪುತ್ತವೆ.

ಇದನ್ನು ಮರೆತರೆ ಏನಾಗುತ್ತದೆ? 2007ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್ ಆವೃತ್ತಿಯಲ್ಲಿ ಡಾಕು ಹೊಳೆಯುವ ಗಾಜಿನ ಕಪಾಟಿನಂತಾಯಿತು. ಕಪ್ಪು ತ್ರಿಕೋನದ ಜಾಗದಲ್ಲಿ ಮಂದವಾದ ನೀಲಿ ಬೆಳಕಿನ ಚುಕ್ಕಿ ಬಂತು. ನೋಡಲು ಸೊಗಸು. ಆದರೆ ಹೊಳೆಯುವ ನೆಲದ ಮೇಲೆ ಹೊಳೆಯುವ ಚುಕ್ಕಿ ಬೇಗ ಕಣ್ಣಿಗೆ ಬೀಳುವುದಿಲ್ಲ ಎಂದು ಬಳಸಿದವರು ದೂರಿದರು. 2014ರ ಆವೃತ್ತಿಯಲ್ಲಿ ಆ ಹೊಳಪಿನ ಕಪಾಟು ಹೋಗಿ, ಚಪ್ಪಟೆಯಾದ ಪಟ್ಟಿ ಮತ್ತು ಸರಳವಾದ ಕಪ್ಪು ಚುಕ್ಕಿ ಬಂದವು.

ಕುಣಿಯುವ ಐಕಾನು

ಇನ್ನು ಚಲನೆಯ ಮಾತು. ನಾವು ನೇರವಾಗಿ ನೋಡದ ಕಡೆ, ಕಣ್ಣಿನ ಅಂಚಿನಲ್ಲಿ, ಬಣ್ಣ ಮತ್ತು ವಿವರ ಸರಿಯಾಗಿ ತಿಳಿಯುವುದಿಲ್ಲ. ಆದರೆ ಏನಾದರೂ ಅಲುಗಿದರೆ ತಟ್ಟನೆ ತಿಳಿಯುತ್ತದೆ. ಪುಸ್ತಕದಲ್ಲಿ ಮುಳುಗಿದ್ದಾಗಲೂ ಗೋಡೆಯ ಮೇಲೆ ಹಲ್ಲಿ ಓಡಿದರೆ ತಲೆ ಎತ್ತುತ್ತೇವೆ. ಆದ್ದರಿಂದ ಚಲನೆ ಬಹಳ ಬಲವಾದ ಗುರುತು. ಬಲವಾದ್ದರಿಂದಲೇ ಅದನ್ನು ಜಿಪುಣರಂತೆ ಬಳಸಬೇಕು.

ಮ್ಯಾಕಿನಲ್ಲಿ ಪ್ರೋಗ್ರಾಮು ಏಳುತ್ತಿರುವಾಗ ಅದರ ಐಕಾನು ಡಾಕಿನಲ್ಲಿ ಚೆಂಡಿನಂತೆ ಪುಟಿಯುತ್ತದೆ. ನಾವು ಮೊದಲಿಗೆ ಹೇಳಿದ ತೊಂದರೆಗೆ ಇದು ನೇರ ಉತ್ತರ. 'ಕೇಳಿಸಿತು, ಬರುತ್ತಿದ್ದೇನೆ' ಎಂದು ಯಂತ್ರ ಹೇಳಿದ ಮೇಲೆ ಯಾರೂ ನಾಲ್ಕು ಸಲ ಒತ್ತುವುದಿಲ್ಲ. ಆದರೆ ಎದ್ದ ಮೇಲೂ ಅದು ಪುಟಿಯುತ್ತಲೇ ಇದ್ದರೆ ನೀವು ಬರೆಯುವುದಾದರೂ ಹೇಗೆ? ಚಲನೆಗೆ ಒಂದು ಕೊನೆ ಇರಲೇಬೇಕು. ಮಿನುಗುವ ಗುರುತಾದರೆ ಇನ್ನೂ ಎಚ್ಚರ ಬೇಕು. ವೇಗವಾಗಿ ಮಿನುಗುವ ಬೆಳಕು ಕೆಲವರಿಗೆ ಅಪಸ್ಮಾರದ ಸೆಳೆತ ತರಬಲ್ಲದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿಸಬಾರದು ಎಂದು ಆ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ. ನಾಲ್ಕನೆಯ ಪಾಠ: ಚಲನೆ ಕರೆಯುವುದಕ್ಕೆ ಮಾತ್ರ, ಇರುವಿಕೆಯನ್ನು ಹೇಳುವುದಕ್ಕಲ್ಲ.

ಗುರುತೇ ಬೇಡವೇ?

ಸ್ಮರಣೆ ಅಗ್ಗವಾದಂತೆ ಇನ್ನೊಂದು ವಾದ ಹುಟ್ಟಿತು. ಪ್ರೋಗ್ರಾಮು ಎದ್ದಿದ್ದರೇನು, ಮಲಗಿದ್ದರೇನು, ಒತ್ತಿದಾಗ ಬಂದರೆ ಸಾಕಲ್ಲ? ಮೊಬೈಲು ಫೋನಿನಲ್ಲಿ ನೋಡಿ, ಐಕಾನುಗಳ ಕೆಳಗೆ ಇಂಥ ಚುಕ್ಕಿ ಸಾಮಾನ್ಯವಾಗಿ ಇಲ್ಲ. ಯಾವುದನ್ನು ಎಚ್ಚರವಾಗಿಡಬೇಕು, ಯಾವುದನ್ನು ಮಲಗಿಸಬೇಕು ಎಂಬುದನ್ನು ಫೋನೇ ನೋಡಿಕೊಳ್ಳುತ್ತದೆ. 2011ರಲ್ಲಿ ಆಪಲ್ ಕೂಡ ಮ್ಯಾಕಿನ ಡಾಕಿನ ದೀಪಗಳನ್ನು ಬೇಡವಾದರೆ ಆರಿಸಿಕೊಳ್ಳುವ ಅವಕಾಶ ಕೊಟ್ಟಿತು.

ಈ ವಾದದಲ್ಲಿ ಹುರುಳಿದೆ. ಎಷ್ಟು ಸ್ಮರಣೆ ಖರ್ಚಾಗುತ್ತಿದೆ ಎಂಬ ಚಿಂತೆ ಯಂತ್ರದ್ದೇ ಹೊರತು ನಿಮ್ಮದಲ್ಲ. ಆದರೆ ಬಳಸುವವರ ಪ್ರಶ್ನೆ ಅದೊಂದೇ ಅಲ್ಲ. ನಾನು ಅರ್ಧಕ್ಕೆ ಬಿಟ್ಟ ಬರಹ ಇನ್ನೂ ತೆರೆದಿದೆಯೇ? ಈ ಯಂತ್ರವನ್ನು ಈಗ ಆರಿಸಿದರೆ ಯಾರದಾದರೂ ಕೆಲಸ ಹಾಳಾಗುತ್ತದೆಯೇ? ಒಂದೇ ಯಂತ್ರವನ್ನು ಹತ್ತು ಮಂದಿ ಸರದಿಯಲ್ಲಿ ಬಳಸುವ ಕಡೆ ಈ ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ಪ್ರಶ್ನೆ ಇರುವವರೆಗೆ ಉತ್ತರವೂ ಇರಬೇಕು. ಮೇಜುಗಣಕಗಳಲ್ಲಿ ಆ ಚುಕ್ಕಿ ಇಂದಿಗೂ ಉಳಿದುಕೊಂಡಿರುವುದು ಸುಮ್ಮನೆ ಅಲ್ಲ.

ನೀವೇ ಮಾಡಿ ನೋಡಿ

ಇಷ್ಟು ಓದಿದ ಮೇಲೆ ಒಂದು ಸಣ್ಣ ಪ್ರಯೋಗ. ಇದಕ್ಕೆ ಗಣಕಯಂತ್ರವೇ ಬೇಡ.

ಹಾಳೆಯ ಮೇಲೆ ಅಡ್ಡಲಾಗಿ ಎಂಟು ಚೌಕಗಳನ್ನು ಬರೆಯಿರಿ. ಇವು ಎಂಟು ಪ್ರೋಗ್ರಾಮುಗಳು. ಮೂರು ಎದ್ದಿವೆ, ಆ ಮೂರರಲ್ಲಿ ಒಂದು ಮುಂದಿದೆ, ಇನ್ನೊಂದು ಕರೆಯುತ್ತಿದೆ. ನಿಮಗೆ ತೋಚಿದ ಗುರುತುಗಳನ್ನು ಪೆನ್ಸಿಲಿನಲ್ಲೇ ಹಾಕಿ, ಬಣ್ಣ ಬೇಡ. ನೆಕ್ಸ್ಟ್‌ಸ್ಟೆಪ್ ಮಾಡಿದವರ ಹತ್ತಿರವೂ ಬಣ್ಣ ಇರಲಿಲ್ಲ ಎಂಬುದು ನೆನಪಿರಲಿ. ಆಮೇಲೆ ಗೆಳೆಯರಿಗೋ ಗೆಳತಿಯರಿಗೋ ಹಾಳೆಯನ್ನು ಎರಡು ಸೆಕೆಂಡು ಮಾತ್ರ ತೋರಿಸಿ ಮುಚ್ಚಿಬಿಡಿ. ಏನನ್ನೂ ವಿವರಿಸಬೇಡಿ. 'ಎಷ್ಟು ಎದ್ದಿದ್ದವು? ಯಾವುದು ಮುಂದಿತ್ತು? ಯಾವುದು ಕರೆಯುತ್ತಿತ್ತು?' ಎಂದು ಕೇಳಿ. ಉತ್ತರ ತಪ್ಪಿದರೆ ಅವರನ್ನು ತಿದ್ದಬೇಡಿ, ಗುರುತನ್ನು ತಿದ್ದಿ. ಅನಂತರ ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಮೀಟರು ದೂರದಿಂದ ನೋಡಿ. ಬಿಳಿಯ ಹಾಳೆಯ ಮೇಲೆ ಚೆನ್ನಾಗಿ ಕಂಡ ಗುರುತು ಬೂದು ಹಾಳೆಯ ಮೇಲೆ ಕಾಣುತ್ತದೆಯೇ ಎಂದೂ ನೋಡಿ.

ಕೊನೆಯ ಪರೀಕ್ಷೆ ಸ್ವಲ್ಪ ಕಷ್ಟದ್ದು. ಕಣ್ಣು ಕಾಣದವರು ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಗಣಕಯಂತ್ರವನ್ನು ಬಳಸುತ್ತಾರೆ. ಚುಕ್ಕಿಗೆ ದನಿಯಿಲ್ಲ. ಅವರಿಗಾಗಿ ಐಕಾನಿನ ಹೆಸರಿನ ಜೊತೆ ಯಾವ ಮಾತನ್ನು ಸೇರಿಸಬೇಕು? 'ಎದ್ದಿದೆ' ಎಂದರೆ ಸಾಕೇ, 'ಎರಡು ಕಿಟಕಿ ತೆರೆದಿವೆ' ಎನ್ನಬೇಕೇ? ನಿಮ್ಮ ಪ್ರತಿಯೊಂದು ಗುರುತನ್ನೂ ಹೀಗೆ ನಾಲ್ಕೇ ಮಾತಿನ ಕನ್ನಡ ವಾಕ್ಯವಾಗಿ ಬರೆಯಲು ಪ್ರಯತ್ನಿಸಿ. ಬರೆಯಲು ಬಾರದಿದ್ದರೆ ಆ ಗುರುತಿಗೆ ಅರ್ಥವೇ ಗಟ್ಟಿಯಾಗಿಲ್ಲ ಎಂದು ತಿಳಿಯಿರಿ.

ನಾಳೆ ನಿಮ್ಮಲ್ಲಿ ಕೆಲವರು ತಂತ್ರಾಂಶ ಬರೆಯುವವರಾಗಬಹುದು. ಆಗ ನಿಮಗೆ ದೊಡ್ಡ ದೊಡ್ಡ ಲೆಕ್ಕಗಳು, ದೊಡ್ಡ ದೊಡ್ಡ ಯಂತ್ರಗಳು ಎದುರಾಗುತ್ತವೆ. ಆದರೂ ಬೀಗ ಹಾಕುವ ಮುನ್ನ ಸ್ವಿಚ್ಚಿನತ್ತ ಒಮ್ಮೆ ತಿರುಗಿ ನೋಡುವ ಆ ಕಣ್ಣುಗಳನ್ನು ಮರೆಯಬೇಡಿ. ಅವರು ಕೇಳುವುದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಅಲ್ಲಿಯೇ, ಆಗಲೇ ಕಾಣುವಂತಿರಬೇಕು.